ಎರಡು ಭಾಷೆಗಳ ನಡುವಿನ ಸಾಕ್ಷಿ: ವಾರ್ತಾಸಂಸ್ಥೆಗಳು ಮತ್ತು ಪತ್ರಿಕೆಗಳ ಮಿತವ್ಯಯ

ಪುಣೆಯಿಂದ ಅಹಿಲ್ಯಾನಗರದ (ಹಿಂದಿನ ಅಹ್ಮದ್‌ನಗರದ) ಕಡೆಗೆ ಸಾಗುವ ಹೆದ್ದಾರಿಯಲ್ಲಿ ಸುಮಾರು ಐವತ್ತು ಕಿಲೋಮೀಟರ್ ದೂರದಲ್ಲಿ ರಾಂಜಣಗಾಂವ ಇದೆ. ಅಷ್ಟವಿನಾಯಕ ಕ್ಷೇತ್ರಗಳಲ್ಲಿ ಒಂದಾದ ಮಹಾಗಣಪತಿಯ ಸನ್ನಿಧಿಯಿಂದಾಗಿ ಈ ಊರು ಭಕ್ತರಿಗೆ ಪರಿಚಿತ. ದೊಡ್ಡ ದೊಡ್ಡ ಕಾರ್ಖಾನೆಗಳನ್ನು ಒಳಗೊಂಡ ಕೈಗಾರಿಕಾ ವಸಾಹತಿನಿಂದಾಗಿ ಉದ್ಯೋಗಾಕಾಂಕ್ಷಿಗಳಿಗೂ ಅಷ್ಟೇ ಪರಿಚಿತ. ಪಾಳಿ ಬದಲಾಗುವ ಹೊತ್ತಿನಲ್ಲಿ ಇಲ್ಲಿನ ಚಹಾದಂಗಡಿಗಳ ಮುಂದೆ ನಿಂತರೆ ಮರಾಠಿ, ಹಿಂದಿಗಳ ನಡುವೆ ಕಲಬುರಗಿ, ಬೀದರ, ವಿಜಯಪುರ ಕಡೆಯ ಕನ್ನಡವೂ ಕಿವಿಗೆ ಬೀಳುತ್ತದೆ.

2022ರ ಅಕ್ಟೋಬರ್ ಕೊನೆಯಲ್ಲಿ ಈ ಊರಿನ ಹೆಸರು ರಾಷ್ಟ್ರೀಯ ವಾರ್ತೆಯಾಯಿತು. ರಾಂಜಣಗಾಂವದ ಮೂರನೆಯ ಹಂತದ ಪ್ರದೇಶದಲ್ಲಿ ಸುಮಾರು 297 ಎಕರೆ ಭೂಮಿಯಲ್ಲಿ, 492.85 ಕೋಟಿ ರೂಪಾಯಿ ವೆಚ್ಚದಲ್ಲಿ ಇಲೆಕ್ಟ್ರಾನಿಕ್ಸ್ ಉತ್ಪಾದನಾ ಸಮುಚ್ಚಯವನ್ನು ಸ್ಥಾಪಿಸಲು ಕೇಂದ್ರ ಸರಕಾರ ಅನುಮೋದನೆ ನೀಡಿತು. ಪ್ರಕಟಣೆ ಹೊರಬಿದ್ದದ್ದು ದೆಹಲಿಯಲ್ಲಿ. ಅದನ್ನು ಓದಬೇಕಾಗಿದ್ದವರು ಪುಣೆಯಲ್ಲಿ, ಬೆಂಗಳೂರಿನಲ್ಲಿ, ಕಲಬುರಗಿಯಲ್ಲಿ ಇದ್ದರು. ದೆಹಲಿಯ ಒಂದು ಕೊಠಡಿಯ ಮಾತು ಇಷ್ಟು ಊರುಗಳ ಮುದ್ರಣಾಲಯಗಳಿಗೆ ಕೆಲವೇ ನಿಮಿಷಗಳಲ್ಲಿ ತಲುಪುವಂತೆ ಮಾಡುವ ವ್ಯವಸ್ಥೆಯ ಹೆಸರೇ ವಾರ್ತಾಸಂಸ್ಥೆ. ಸುದ್ದಿಯ ಆರಂಭದಲ್ಲೋ ಕೊನೆಯಲ್ಲೋ ಚಿಕ್ಕ ಅಕ್ಷರಗಳಲ್ಲಿ ‘ಪಿಟಿಐ’ ಅಥವಾ ‘ಯುಎನ್‌ಐ’ ಎಂದು ಅಚ್ಚಾಗುವ ಈ ಹೆಸರನ್ನು ನಮ್ಮಲ್ಲಿ ಹೆಚ್ಚಿನವರು ಗಮನಿಸುವುದೇ ಇಲ್ಲ.

ಗಮನಕ್ಕೆ ಬಾರದ ವಸ್ತುವಿನ ಮೇಲೆಯೇ ಮಿತವ್ಯಯದ ಕತ್ತರಿ ಮೊದಲು ಬೀಳುತ್ತದೆ. ಆದಾಯ ಕುಗ್ಗುತ್ತಿರುವ ಪತ್ರಿಕೆಗಳು ವಾರ್ತಾಸಂಸ್ಥೆಗಳ ಚಂದಾವನ್ನು ನಿಲ್ಲಿಸಿ ಹಣ ಉಳಿಸಬಹುದೇ ಎಂಬ ಚರ್ಚೆ ಕೆಲವು ವರ್ಷಗಳಿಂದ ಜಗತ್ತಿನ ಹಲವೆಡೆ ನಡೆದಿದೆ. ಇದು ಪತ್ರಿಕಾಲಯದ ಒಳಗಿನ ಜಮಾ-ಖರ್ಚಿನ ವಿಚಾರ, ನಮಗೇಕೆ ಎಂದು ಕೇಳುವವರಿರಬಹುದು. ಆದರೆ ಒಂದು ರಾಜ್ಯದಲ್ಲಿ ಮನೆ ಮಾಡಿ, ಇನ್ನೊಂದು ರಾಜ್ಯದಲ್ಲಿ ತವರನ್ನು ಇಟ್ಟುಕೊಂಡಿರುವ ನಮ್ಮಂಥ ಕುಟುಂಬಗಳಿಗೆ ಇದು ಹತ್ತಿರದ ವಿಚಾರವೇ ಆಗಿದೆ.

ಮಿತವ್ಯಯದ ಲೆಕ್ಕ

ಮೊದಲು ಪತ್ರಿಕೆಗಳ ಕಷ್ಟವನ್ನು ನ್ಯಾಯವಾಗಿ ನೋಡೋಣ. ಜಾಹೀರಾತಿನ ಗಣನೀಯ ಪಾಲು ಅಂತರ್ಜಾಲದ ದೈತ್ಯ ಕಂಪನಿಗಳ ಪಾಲಾಗಿದೆ. ಆಮದು ಮಾಡಿಕೊಳ್ಳುವ ಮುದ್ರಣ ಕಾಗದದ ಮೇಲೆ 2019ರ ಮುಂಗಡಪತ್ರ ಶೇಕಡಾ 10ರಷ್ಟು ಸುಂಕ ವಿಧಿಸಿತು. 2020ರಲ್ಲಿ ಅದನ್ನು ಶೇಕಡಾ 5ಕ್ಕೆ ಇಳಿಸಲಾಯಿತಾದರೂ, ಅಷ್ಟರಲ್ಲಿ ಕೋವಿಡ್ ಬಂದು ಪ್ರಸಾರವೂ ಜಾಹೀರಾತೂ ಒಟ್ಟಿಗೇ ಕುಸಿದವು. 2022ರಲ್ಲಿ ಉಕ್ರೇನ್ ಯುದ್ಧದ ಪರಿಣಾಮವಾಗಿ ಕಾಗದ ಮತ್ತೆ ದುಬಾರಿಯಾಯಿತು. ಇಂತಹ ಸ್ಥಿತಿಯಲ್ಲಿ ವ್ಯವಸ್ಥಾಪಕರು ಪ್ರತಿಯೊಂದು ಖರ್ಚಿನ ಬಾಬನ್ನೂ ಭೂತಗನ್ನಡಿ ಹಿಡಿದು ನೋಡುವುದು ಸಹಜ.

ಚಂದಾ ನಿಲ್ಲಿಸಬೇಕೆನ್ನುವವರ ವಾದದಲ್ಲಿ ಸತ್ಯಾಂಶವೂ ಇದೆ. ವಾರ್ತಾಸಂಸ್ಥೆಯ ಸುದ್ದಿ ಎಲ್ಲ ಪತ್ರಿಕೆಗಳಲ್ಲಿಯೂ ಒಂದೇ ರೀತಿ ಬರುತ್ತದೆ, ಆದ್ದರಿಂದ ಅದರಿಂದ ಪತ್ರಿಕೆಗೆ ಪ್ರತ್ಯೇಕ ವ್ಯಕ್ತಿತ್ವ ಬರುವುದಿಲ್ಲ. ಬೆಳಗ್ಗೆ ಪತ್ರಿಕೆ ಕೈಸೇರುವ ಮೊದಲೇ ಆ ಸುದ್ದಿ ಓದುಗನ ಮೊಬೈಲಿನಲ್ಲಿ ಬಂದು ಹಳಸಿರುತ್ತದೆ. ಕನ್ನಡ ಪತ್ರಿಕೆಗಳಿಗೆ ಇನ್ನೂ ಒಂದು ತೊಡಕುಂಟು. ಪಿಟಿಐ ಸುದ್ದಿ ಕೊಡುವುದು ಇಂಗ್ಲಿಷಿನಲ್ಲಿ, ಮತ್ತು 1986ರಲ್ಲಿ ಆರಂಭವಾದ ‘ಭಾಷಾ’ ಸೇವೆಯ ಮೂಲಕ ಹಿಂದಿಯಲ್ಲಿ. ಅದನ್ನು ಕನ್ನಡಕ್ಕೆ ತರುವ ಉಪಸಂಪಾದಕನ ಶ್ರಮವೂ ಸಂಬಳವೂ ಚಂದಾದ ಮೇಲಿನ ಹೆಚ್ಚುವರಿ ಹೊರೆ.

ಇಷ್ಟೆಲ್ಲ ನಿಜವಾದರೂ ಒಂದು ಪ್ರಶ್ನೆ ಉಳಿಯುತ್ತದೆ. ಮೊಬೈಲಿಗೆ ಬಂದ ಆ ಸುದ್ದಿಯನ್ನು ಮೊದಲು ಕಂಡು ಬರೆದವರು ಯಾರು? ಬಹುಪಾಲು ಅದೂ ಯಾವುದೋ ವಾರ್ತಾಸಂಸ್ಥೆಯ ವರದಿಗಾರನ ಬರಹವೇ ಆಗಿರುತ್ತದೆ. ಪುಕ್ಕಟೆಯಾಗಿ ಸಿಗುತ್ತದೆ ಎಂದು ತೋರುವ ನೀರಿಗೂ ಎಲ್ಲೋ ಒಂದು ಬಾವಿ ಇದೆ, ಆ ಬಾವಿಯನ್ನು ತೋಡಿಸಿದವರು ಇದ್ದಾರೆ. ಎಲ್ಲರೂ ನೀರು ಸೇದಿ ಯಾರೂ ಹೂಳೆತ್ತದಿದ್ದರೆ ಏನಾಗುತ್ತದೆಂಬುದನ್ನು ಹಳ್ಳಿಯಿಂದ ಬಂದ ನಮಗೆ ಹೇಳಿಕೊಡಬೇಕಾಗಿಲ್ಲ.

ಅಮೆರಿಕದ ಪ್ರಯೋಗ

ಈ ದಾರಿಯಲ್ಲಿ ಮುಂದೆ ಹೋದವರು ಅಮೆರಿಕದ ಪತ್ರಿಕೋದ್ಯಮಿಗಳು. 1846ರಲ್ಲಿ ಮೆಕ್ಸಿಕೋ ಯುದ್ಧದ ವಾರ್ತೆಯನ್ನು ತರಿಸುವ ವೆಚ್ಚವನ್ನು ಹಂಚಿಕೊಳ್ಳಲು ನ್ಯೂಯಾರ್ಕಿನ ಐದು ಪತ್ರಿಕೆಗಳು ಕೂಡಿ ಕಟ್ಟಿದ ಸಂಸ್ಥೆಯೇ ಅಸೋಸಿಯೇಟೆಡ್ ಪ್ರೆಸ್, ಅಂದರೆ ಎಪಿ. ಪರಸ್ಪರ ಸ್ಪರ್ಧಿಗಳಾಗಿದ್ದವರು ಖರ್ಚಿನ ಭಯದಿಂದ ಒಂದಾದರು. ಅದೇ ಖರ್ಚಿನ ಭಯ ಈಗ ಅವರ ವಾರಸುದಾರರನ್ನು ಬೇರೆಯಾಗಿಸುತ್ತಿರುವುದು ವಿಪರ್ಯಾಸ.

2008ರ ಆರ್ಥಿಕ ಕುಸಿತದ ವೇಳೆಗೆ ಅಲ್ಲಿನ ಹಲವು ಪತ್ರಿಕೆಗಳು ಎಪಿಗೆ ಚಂದಾ ರದ್ದತಿಯ ಸೂಚನೆ ನೀಡಿದ್ದವು. 2024ರ ಮಾರ್ಚಿನಲ್ಲಿ ಮಾತು ಕೃತಿಯಾಯಿತು. ‘ಯುಎಸ್‌ಎ ಟುಡೇ’ ಹಾಗೂ ಇನ್ನೂರಕ್ಕೂ ಹೆಚ್ಚು ಸ್ಥಳೀಯ ಪತ್ರಿಕೆಗಳ ಒಡೆತನ ಹೊಂದಿದ್ದ ಗ್ಯಾನೆಟ್ ಸಂಸ್ಥೆ ಎಪಿಯ ಸುದ್ದಿ, ಚಿತ್ರಗಳನ್ನು ಬಳಸುವುದನ್ನು ನಿಲ್ಲಿಸಿತು. ಮ್ಯಾಕ್‌ಕ್ಲಾಚಿ ಸಂಸ್ಥೆಯೂ ಹಿಂದೆ ಸರಿಯಿತು. ಗ್ಯಾನೆಟ್ ಬದಲಿಗೆ ರಾಯಿಟರ್ಸ್‌ನೊಡನೆ ಒಪ್ಪಂದ ಮಾಡಿಕೊಂಡಿತು. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಎಪಿಯ ಸುದ್ದಿಯನ್ನು ಬಿಟ್ಟ ಗ್ಯಾನೆಟ್, ಎಪಿ ಒದಗಿಸುವ ಚುನಾವಣಾ ಫಲಿತಾಂಶದ ಅಂಕಿಅಂಶಗಳನ್ನು ಮಾತ್ರ ಉಳಿಸಿಕೊಂಡಿತು. ದೇಶದ ಮೂಲೆಮೂಲೆಯ ಮತ ಎಣಿಕೆಯನ್ನು ಒಬ್ಬಂಟಿಯಾಗಿ ಸಂಗ್ರಹಿಸುವುದು ಅಷ್ಟು ದೊಡ್ಡ ಸಂಸ್ಥೆಗೂ ಸಾಧ್ಯವಿರಲಿಲ್ಲ ಎಂಬುದೇ ಇದರ ಅರ್ಥ.

ಎಪಿ ಮುಳುಗಲಿಲ್ಲ. ಅದರ ಆದಾಯದಲ್ಲಿ ಅಮೆರಿಕದ ಪತ್ರಿಕೆಗಳ ಪಾಲು ಆ ವೇಳೆಗೆ ಹತ್ತನೆಯ ಒಂದು ಭಾಗದ ಆಸುಪಾಸಿಗೆ ಇಳಿದಿತ್ತು. ಆದರೂ ಅದೇ ವರ್ಷದ ನವೆಂಬರಿನಲ್ಲಿ ಸುಮಾರು ಶೇಕಡಾ 8ರಷ್ಟು ಸಿಬ್ಬಂದಿಯನ್ನು ಕಡಿಮೆ ಮಾಡುವುದಾಗಿ ಅದು ಪ್ರಕಟಿಸಿತು. ಅಲ್ಲಿ ಒಂದು ವಾರ್ತಾಸಂಸ್ಥೆಯನ್ನು ಬಿಟ್ಟವರಿಗೆ ಹಿಡಿಯಲು ಇನ್ನೊಂದು ಇದೆ. ನಮ್ಮಲ್ಲಿ ಹಾಗಿದೆಯೇ?

ನಮ್ಮವರು ಕಟ್ಟಿದ ಸಹಕಾರಿ ಮನೆ

ಸ್ವಾತಂತ್ರ್ಯಪೂರ್ವದಲ್ಲಿ ಭಾರತದ ಸುದ್ದಿ ಬಹುಮಟ್ಟಿಗೆ ರಾಯಿಟರ್ಸ್‌ನ ಹಿಡಿತದಲ್ಲಿತ್ತು. ಆ ಹಿಡಿತವನ್ನು ಮುರಿಯಲು ಮುಂಬಯಿಯಲ್ಲಿ ಎಸ್. ಸದಾನಂದರು ಫ್ರೀ ಪ್ರೆಸ್ ವಾರ್ತಾಸಂಸ್ಥೆಯನ್ನು ಕಟ್ಟಿ ಕೈಸುಟ್ಟುಕೊಂಡರು. 1933ರಲ್ಲಿ ಹುಟ್ಟಿದ ಯುನೈಟೆಡ್ ಪ್ರೆಸ್ ಆಫ್ ಇಂಡಿಯಾ ಹಣದ ಅಭಾವದಿಂದ ಸೊರಗಿ 1958ರಲ್ಲಿ ಮುಚ್ಚಿತು. ಸ್ವಾತಂತ್ರ್ಯ ಬಂದ ಕೆಲವೇ ದಿನಗಳಲ್ಲಿ, 1947ರ ಆಗಸ್ಟ್ 27ರಂದು, ಮದರಾಸಿನಲ್ಲಿ ಪ್ರೆಸ್ ಟ್ರಸ್ಟ್ ಆಫ್ ಇಂಡಿಯಾ ನೋಂದಣಿಯಾಯಿತು. 1949ರ ಫೆಬ್ರವರಿ 1ರಂದು ಅದು ರಾಯಿಟರ್ಸ್‌ನ ಅಂಗವಾಗಿದ್ದ ಅಸೋಸಿಯೇಟೆಡ್ ಪ್ರೆಸ್ ಆಫ್ ಇಂಡಿಯಾದ ಕಾರ್ಯಭಾರವನ್ನು ವಹಿಸಿಕೊಂಡಿತು. ‘ದಿ ಹಿಂದೂ’ ಪತ್ರಿಕೆಯ ಕಸ್ತೂರಿ ಶ್ರೀನಿವಾಸನ್ ಅದರ ಮೊದಲ ಅಧ್ಯಕ್ಷರು. ಪತ್ರಿಕೆಗಳೇ ಪಾಲುದಾರರು, ಲಾಭಾಂಶ ಹಂಚುವಂತಿಲ್ಲ ಎಂಬುದು ಅದರ ಮೂಲ ನಿಯಮ. ಒಂದೇ ಸಂಸ್ಥೆಯ ಏಕಸ್ವಾಮ್ಯ ಬೇಡವೆಂದು 1961ರಲ್ಲಿ ಯುನೈಟೆಡ್ ನ್ಯೂಸ್ ಆಫ್ ಇಂಡಿಯಾ, ಅಂದರೆ ಯುಎನ್‌ಐ, ಕಾರ್ಯಾರಂಭ ಮಾಡಿತು.

ಬ್ಯಾಂಕಿನಲ್ಲಿ ಮೂರು ದಶಕ ಕಳೆದ ನನಗೆ ಈ ವ್ಯವಸ್ಥೆಯನ್ನು ನೋಡಿದಾಗಲೆಲ್ಲ ಹಳೆಯ ಕ್ಲಿಯರಿಂಗ್ ಹೌಸ್ ನೆನಪಾಗುತ್ತದೆ. ಒಂದು ಊರಿನಲ್ಲಿ ಇಪ್ಪತ್ತು ಬ್ಯಾಂಕುಗಳಿದ್ದರೆ, ಪ್ರತಿಯೊಂದು ಬ್ಯಾಂಕೂ ಉಳಿದ ಹತ್ತೊಂಬತ್ತರ ಬಾಗಿಲಿಗೆ ಚೆಕ್ಕು ಹಿಡಿದು ಜವಾನನನ್ನು ಕಳಿಸುತ್ತಿರಲಿಲ್ಲ. ಎಲ್ಲರೂ ಒಂದು ಮೇಜಿನ ಬಳಿ ಸೇರಿ, ತಮ್ಮ ತಮ್ಮ ಚೆಕ್ಕುಗಳನ್ನು ವಿನಿಮಯ ಮಾಡಿಕೊಂಡು ಹೋಗುತ್ತಿದ್ದರು. ಮೇಜಿನ ಸುತ್ತ ಕುಳಿತವರು ಗ್ರಾಹಕರಿಗಾಗಿ ಪೈಪೋಟಿ ನಡೆಸುವವರೇ. ಆದರೆ ಮೇಜಿನ ವಿಷಯದಲ್ಲಿ ಪೈಪೋಟಿ ಇರಲಿಲ್ಲ. ಯಾವುದಾದರೂ ಬ್ಯಾಂಕು ಮೇಜಿನ ಖರ್ಚು ಉಳಿಸಲು ಎದ್ದುಹೋಗಿದ್ದರೆ ಜವಾನರ ಸಂಬಳವೇ ಅದಕ್ಕಿಂತ ಹೆಚ್ಚಾಗುತ್ತಿತ್ತು. ದೊಡ್ಡ ಬ್ಯಾಂಕು ಅದನ್ನು ಹೇಗೋ ತೂಗಿಸೀತು. ಸಣ್ಣ ಸಹಕಾರಿ ಬ್ಯಾಂಕಿನ ಗತಿ?

ಪತ್ರಿಕೆಗಳ ಸ್ಥಿತಿಯೂ ಹೀಗೆಯೇ. ದೊಡ್ಡ ಇಂಗ್ಲಿಷ್ ದೈನಿಕಕ್ಕೆ ದೆಹಲಿ, ಮುಂಬಯಿ, ಪುಣೆಗಳಲ್ಲಿ ತನ್ನದೇ ವರದಿಗಾರರಿರುತ್ತಾರೆ. ಜಿಲ್ಲಾ ಕೇಂದ್ರದಿಂದ ಹೊರಡುವ ಕನ್ನಡ ದೈನಿಕಕ್ಕೆ ಹೊರರಾಜ್ಯದ ಕಣ್ಣು-ಕಿವಿಗಳೆಂದರೆ ವಾರ್ತಾಸಂಸ್ಥೆಯೇ. ದೊಡ್ಡವರು ಮೇಜು ಬಿಟ್ಟು ಎದ್ದರೆ ಅದರ ವೆಚ್ಚ ಉಳಿದ ಸಣ್ಣವರ ತಲೆಯ ಮೇಲೆ ಬೀಳುತ್ತದೆ. ಸಣ್ಣವರಿಂದಲೂ ಆಗದಿದ್ದಾಗ ಮೇಜೇ ಮುರಿಯುತ್ತದೆ.

ಇದು ಬರೀ ಊಹೆಯಲ್ಲ ಎಂಬುದಕ್ಕೆ ಯುಎನ್‌ಐ ಉದಾಹರಣೆಯಾಗಿದೆ. ದೊಡ್ಡ ಪತ್ರಿಕೆಗಳು ಒಂದೊಂದಾಗಿ ಚಂದಾ ನಿಲ್ಲಿಸಿದಂತೆ ಆ ಸಂಸ್ಥೆ ಕ್ಷೀಣಿಸಿತು. ನೌಕರರ ಸಂಬಳ ತಿಂಗಳುಗಟ್ಟಲೆ ಬಾಕಿ ಉಳಿಯಿತು. 2023ರಲ್ಲಿ ಅದು ದಿವಾಳಿ ಪ್ರಕ್ರಿಯೆಗೆ ಒಳಗಾಗಿ, ಅನಂತರ ಸ್ಟೇಟ್ಸ್‌ಮನ್ ಪತ್ರಿಕಾ ಸಂಸ್ಥೆಯ ವಶಕ್ಕೆ ಬಂತು. ಪಿಟಿಐ ಕೂಡ ತಾಂತ್ರಿಕ ಬದಲಾವಣೆ ಮತ್ತು ವೆಚ್ಚದ ಕಾರಣ ನೀಡಿ 2018ರ ಸೆಪ್ಟೆಂಬರಿನಲ್ಲಿ 297 ಮಂದಿ ನೌಕರರನ್ನು ಒಮ್ಮೆಲೇ ಕೆಲಸದಿಂದ ತೆಗೆದದ್ದುಂಟು.

ದೊಡ್ಡ ಚಂದಾದಾರನ ಋಣ

ಪತ್ರಿಕೆಗಳು ಹಿಂದೆ ಸರಿದಷ್ಟೂ ಸರಕಾರಿ ಚಂದಾದಾರರ ತೂಕ ಹೆಚ್ಚುತ್ತದೆ. ಇಲ್ಲಿರುವ ಅಪಾಯವನ್ನು ಇತಿಹಾಸವೇ ಹೇಳಿದೆ. ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976ರ ಫೆಬ್ರವರಿಯಲ್ಲಿ, ಪಿಟಿಐ, ಯುಎನ್‌ಐ, ಹಿಂದುಸ್ಥಾನ್ ಸಮಾಚಾರ್ ಮತ್ತು ಸಮಾಚಾರ್ ಭಾರತಿ ಎಂಬ ನಾಲ್ಕು ಸಂಸ್ಥೆಗಳನ್ನು ಒಟ್ಟುಗೂಡಿಸಿ ‘ಸಮಾಚಾರ್’ ಎಂಬ ಒಂದೇ ಸಂಸ್ಥೆಯನ್ನು ಮಾಡಲಾಯಿತು. ನಾಲ್ಕು ಬಾಯಿಗಳು ಒಂದಾದ ಮೇಲೆ ಅದನ್ನು ಮುಚ್ಚುವುದು ಸುಲಭವಾಯಿತು. ಸರಕಾರ ಬದಲಾದ ಅನಂತರ, 1978ರ ಏಪ್ರಿಲಿನಲ್ಲಿ ಅವು ಮತ್ತೆ ಬೇರ್ಪಟ್ಟವು.

ಹತ್ತಿರದ ಘಟನೆಯೂ ಇದೆ. 2020ರ ಜೂನ್ ತಿಂಗಳಿನಲ್ಲಿ, ಗಾಲ್ವಾನ್ ಸಂಘರ್ಷದ ಬೆನ್ನಲ್ಲೇ, ಪಿಟಿಐ ದೆಹಲಿಯಲ್ಲಿನ ಚೀನಾ ರಾಯಭಾರಿಯ ಸಂದರ್ಶನವನ್ನು ಪ್ರಕಟಿಸಿತು. ಆ ವರದಿಗಾರಿಕೆ ರಾಷ್ಟ್ರಹಿತಕ್ಕೆ ಧಕ್ಕೆ ತರುವಂತಿದೆ ಎಂದು ಆಕ್ಷೇಪಿಸಿ, ಚಂದಾ ಸಂಬಂಧವನ್ನು ಪುನರ್ವಿಮರ್ಶಿಸುವುದಾಗಿ ಪ್ರಸಾರ ಭಾರತಿ ಪತ್ರ ಬರೆಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಪಿಟಿಐ, ಯುಎನ್‌ಐ ಎರಡರ ಚಂದಾವನ್ನೂ ಕೊನೆಗೊಳಿಸಿ ಹೊಸ ಪ್ರಸ್ತಾವಗಳನ್ನು ಕರೆಯಲು ನಿರ್ಧರಿಸಿತು. 2023ರಲ್ಲಿ ಹಿಂದುಸ್ಥಾನ್ ಸಮಾಚಾರ್ ಜೊತೆ ಎರಡು ವರ್ಷಗಳ ಅವಧಿಗೆ ಸುಮಾರು 7.7 ಕೋಟಿ ರೂಪಾಯಿಯ ಒಪ್ಪಂದ ಏರ್ಪಟ್ಟಿತು. ಆ ಸಂದರ್ಶನ ಸರಿಯೋ ತಪ್ಪೋ ಎಂಬ ಬಗ್ಗೆ ಭಿನ್ನಾಭಿಪ್ರಾಯ ಇರಬಹುದು. ನನ್ನ ಕಳಕಳಿ ಬೇರೆ. ಸಾಲ ಕೊಡುವವನು ಒಬ್ಬನೇ ಆದಾಗ ಸಾಲಗಾರನ ಮಾತಿನ ಧಾಟಿ ಬದಲಾಗುವುದನ್ನು ನಾನು ವೃತ್ತಿಯಲ್ಲಿ ಅನೇಕ ಬಾರಿ ಕಂಡಿದ್ದೇನೆ. ನೂರು ಪತ್ರಿಕೆಗಳ ಸಣ್ಣ ಸಣ್ಣ ಚಂದಾದಿಂದ ನಡೆಯುವ ಸಂಸ್ಥೆಗೆ ಯಾರೊಬ್ಬರ ಮುನಿಸೂ ಮಾರಕವಲ್ಲ. ಒಬ್ಬಿಬ್ಬರು ದೊಡ್ಡ ಚಂದಾದಾರರ ಮೇಲೆ ನಿಂತ ಸಂಸ್ಥೆಗೆ ಆ ನಿರ್ಭಯ ಇರಲಾರದು.

2022ರ ಡಿಸೆಂಬರ್ 6

ಇನ್ನು ನಮಗೇ ಸಂಬಂಧಿಸಿದ ಮಾತು. ಗಡಿ ವಿವಾದವನ್ನು ಮಹಾರಾಷ್ಟ್ರ 2004ರಲ್ಲಿಯೇ ಸುಪ್ರೀಂ ಕೋರ್ಟಿಗೆ ಒಯ್ದಿದೆ. 2022ರ ನವೆಂಬರಿನಲ್ಲಿ ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಗ್ರಾಮಗಳ ಕುರಿತ ಹೇಳಿಕೆಗಳಿಂದ ಅದು ಮತ್ತೆ ಹೊಗೆಯಾಡಿತು. ಡಿಸೆಂಬರ್ 6ರಂದು ಮಹಾರಾಷ್ಟ್ರದ ಇಬ್ಬರು ಸಚಿವರು ಬೆಳಗಾವಿಗೆ ಬರುವ ಕಾರ್ಯಕ್ರಮವಿದ್ದು, ಕೊನೆಗೆ ಅದನ್ನು ಮುಂದೂಡಲಾಯಿತು. ಆ ದಿನ ಬೆಳಗಾವಿ ಸಮೀಪದ ಹಿರೇಬಾಗೇವಾಡಿ ಟೋಲ್ ನಾಕೆಯ ಬಳಿ ಮಹಾರಾಷ್ಟ್ರ ನೋಂದಣಿಯ ಲಾರಿಗಳ ಮೇಲೆ ಕಲ್ಲು ಬಿದ್ದವು. ಇತ್ತ ಪುಣೆಯ ಸ್ವಾರಗೇಟ್ ಪರಿಸರದಲ್ಲಿ ಕರ್ನಾಟಕದ ಬಸ್ಸುಗಳಿಗೆ ಕಪ್ಪು ಬಣ್ಣ ಬಳಿಯಲಾಯಿತು. ಮಹಾರಾಷ್ಟ್ರದ ರಾಜ್ಯ ಸಾರಿಗೆ ನಿಗಮ ಕರ್ನಾಟಕಕ್ಕೆ ಹೋಗುವ ಬಸ್ಸುಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಿತು.

ಆ ಸಂಜೆ ನಮ್ಮ ಮನೆಗಳಲ್ಲಿ ಇದ್ದ ಆತಂಕವನ್ನು ಓದುಗರು ಮರೆತಿರಲಾರರು. ಊರಿನಿಂದ ಒಂದರ ಮೇಲೊಂದು ದೂರವಾಣಿ ಕರೆ. ರಾಂಜಣಗಾಂವದಲ್ಲಿ ದುಡಿಯುತ್ತಿದ್ದ ಪರಿಚಯದ ಹುಡುಗನೊಬ್ಬ ತಾಯಿಯ ಕಾಯಿಲೆಯ ನಿಮಿತ್ತ ಮರುದಿನ ವಿಜಯಪುರಕ್ಕೆ ಹೊರಡಬೇಕಿತ್ತು. ಹೊರಡಲೋ ಬೇಡವೋ ಎಂದು ನನ್ನನ್ನು ಕೇಳಿದ. ಅವನ ಮೊಬೈಲಿಗೆ ಬಂದ ಚಿತ್ರದಲ್ಲಿ ಒಂದು ಬಸ್ಸು ಧಗಧಗನೆ ಉರಿಯುತ್ತಿತ್ತು. ಆ ಚಿತ್ರ ಬೇರೆ ಯಾವುದೋ ವರ್ಷದ, ಬೇರೆ ಯಾವುದೋ ಊರಿನದೆಂದು ಆಮೇಲೆ ತಿಳಿಯಿತು. ಅಂದು ನಾನು ಅವನಿಗೆ ಉತ್ತರ ಕೊಟ್ಟದ್ದು ವಾರ್ತಾಸಂಸ್ಥೆಯ ವರದಿಯನ್ನು ಓದಿಕೊಂಡು: ಬಣ್ಣ ಬಳಿದದ್ದು ನಿಜ, ಬಸ್ಸಿಗೆ ಬೆಂಕಿ ಹಚ್ಚಿದ ವರದಿಯಿಲ್ಲ, ನಿಗಮದ ಬಸ್ಸುಗಳು ನಿಂತಿವೆ. ಎರಡು ದಿನ ತಡೆದು ಹೋಗೆಂದೆ. ಹಾಗೆಯೇ ಮಾಡಿದ.

ಅಂದಿನ ಸುದ್ದಿಯ ಸ್ವರೂಪವನ್ನು ಈಗ ಶಾಂತವಾಗಿ ನೋಡೋಣ. ಬೆಳಗಾವಿಯಿಂದ ನೋಡುವವರಿಗೆ ಸ್ವಾರಗೇಟಿನ ಬಣ್ಣ ದೊಡ್ಡದಾಗಿ ಕಾಣುತ್ತದೆ. ಪುಣೆಯಿಂದ ನೋಡುವವರಿಗೆ ಹಿರೇಬಾಗೇವಾಡಿಯ ಕಲ್ಲು ದೊಡ್ಡದಾಗಿ ಕಾಣುತ್ತದೆ. ಇದು ಪತ್ರಿಕೆಗಳ ದುರುದ್ದೇಶವೆನ್ನಲಾರೆ. ಪ್ರತಿಯೊಂದು ಪತ್ರಿಕೆಯೂ ತನ್ನ ಓದುಗರ ಅಂಗಳದಲ್ಲಿ ನಿಂತೇ ನೋಡುತ್ತದೆ. ಎರಡೂ ಅಂಗಳಗಳಲ್ಲಿ ವರದಿಗಾರರನ್ನಿಟ್ಟು, ಎರಡೂ ಘಟನೆಗಳನ್ನು ಒಂದೇ ವರದಿಯಲ್ಲಿ, ಒಂದೇ ಅಳತೆಗೋಲಿನಿಂದ ಅಳೆದು ಬರೆಯುವ ಬಾಧ್ಯತೆ ಇರುವುದು ವಾರ್ತಾಸಂಸ್ಥೆಗೆ ಮಾತ್ರ. ಏಕೆಂದರೆ ಅದರ ಚಂದಾದಾರರಲ್ಲಿ ಮರಾಠಿ ಪತ್ರಿಕೆಯೂ ಉಂಟು, ಕನ್ನಡ ಪತ್ರಿಕೆಯೂ ಉಂಟು. ಅದು ಒಂದು ಪಕ್ಷಕ್ಕೆ ವಾಲಿದರೆ ಇನ್ನೊಂದು ಪಕ್ಷದ ಗ್ರಾಹಕನನ್ನು ಕಳೆದುಕೊಳ್ಳುತ್ತದೆ. ಈ ವ್ಯಾಪಾರದ ಭಯವೇ ಅದರ ನಿಷ್ಪಕ್ಷಪಾತಕ್ಕೆ ಆಧಾರ. ಅದರ ಶೈಲಿ ಸಪ್ಪೆಯೆಂದು ದೂರುವವರಿದ್ದಾರೆ. ಊರು ಕಾದಿರುವ ದಿನ ಸಪ್ಪೆಯಾದ ಸುದ್ದಿಯೇ ಪಥ್ಯ.

ಡಿಸೆಂಬರ್ 14ರಂದು ಕೇಂದ್ರ ಗೃಹ ಸಚಿವ ಅಮಿತ್ ಶಾ ಅವರು ಅಂದಿನ ಮುಖ್ಯಮಂತ್ರಿಗಳಾದ ಬಸವರಾಜ ಬೊಮ್ಮಾಯಿ ಮತ್ತು ಏಕನಾಥ ಶಿಂಧೆ ಅವರನ್ನು ದೆಹಲಿಗೆ ಕರೆಸಿ ಸಭೆ ನಡೆಸಿದರು. ಎರಡೂ ಕಡೆಯ ತಲಾ ಮೂವರು ಸಚಿವರ ಸಮಿತಿ ರಚಿಸುವ ನಿರ್ಧಾರವಾಯಿತು. ಆ ಸಭೆಯ ಅನಂತರ ಹೊರಬಿದ್ದ ಇನ್ನೊಂದು ಮಾತು ನಮ್ಮ ವಿಷಯಕ್ಕೆ ಮುಖ್ಯವಾದುದು. ಹಿರಿಯ ನಾಯಕರ ಹೆಸರಿನಲ್ಲಿ ತೆರೆದಿದ್ದ ನಕಲಿ ಟ್ವಿಟರ್ ಖಾತೆಗಳು ಉದ್ವೇಗವನ್ನು ಹೆಚ್ಚಿಸಿದವು ಎಂದು ಗೃಹ ಸಚಿವರೇ ಹೇಳಿದರು. ಮೊಬೈಲಿನಲ್ಲಿ ಸುದ್ದಿ ಪುಕ್ಕಟೆಯಾಗಿ ಸಿಗುವಾಗ ಚಂದಾ ಏಕೆ ಎಂಬ ವಾದಕ್ಕೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕೇ?

ಮಾಡಬಹುದಾದುದು

ಹಾಗೆಂದು ಚಂದಾವನ್ನು ಕಣ್ಣು ಮುಚ್ಚಿ ಕೊಡುತ್ತಿರಬೇಕೆಂದು ನನ್ನ ವಾದವಲ್ಲ. ರಾಂಜಣಗಾಂವದ ಪ್ರಕಟಣೆಯ ಉದಾಹರಣೆಯನ್ನೇ ತೆಗೆದುಕೊಳ್ಳಿ. ಎಷ್ಟು ಎಕರೆ, ಎಷ್ಟು ಕೋಟಿ ಎಂಬುದನ್ನು ದೆಹಲಿಯ ವರದಿ ಹೇಳುತ್ತದೆ. ಅಲ್ಲಿ ಕೆಲಸಕ್ಕೆ ಬರುವ ಗುತ್ತಿಗೆ ಕಾರ್ಮಿಕನಿಗೆ ಬಾಡಿಗೆ ಮನೆ ಸಿಗುತ್ತದೆಯೇ, ನೀರು ಎಲ್ಲಿಂದ ಬರಬೇಕು, ಕಲಬುರಗಿಯ ಹುಡುಗನ ಕೆಲಸ ಖಾಯಂ ಆಗುತ್ತದೆಯೇ ಎಂಬುದನ್ನು ಅದು ಹೇಳುವುದಿಲ್ಲ. ಸರಕಾರಿ ಪ್ರಕಟಣೆಗಳನ್ನು ರವಾನಿಸುವುದರಲ್ಲಿಯೇ ತೃಪ್ತರಾದರೆ ವಾರ್ತಾಸಂಸ್ಥೆಗಳು ಚಂದಾದಾರರನ್ನು ಉಳಿಸಿಕೊಳ್ಳಲಾರವು. ಪ್ರಾದೇಶಿಕ ಭಾಷೆಗಳಲ್ಲಿಯೂ ಸುದ್ದಿ ಕೊಡುವ ಹೊಣೆಯನ್ನು ಅವು ಗಂಭೀರವಾಗಿ ಪರಿಗಣಿಸಬೇಕು.

ಪತ್ರಿಕೆಗಳ ಪಾಲಿಗೂ ಕರ್ತವ್ಯವಿದೆ. 2008ರಲ್ಲಿ ಎಪಿಯ ದರದಿಂದ ಬೇಸತ್ತ ಅಮೆರಿಕದ ಓಹಾಯೋ ರಾಜ್ಯದ ಎಂಟು ಪತ್ರಿಕೆಗಳು ತಮ್ಮ ತಮ್ಮ ವರದಿಗಳನ್ನು ಪರಸ್ಪರ ಹಂಚಿಕೊಳ್ಳುವ ಒಕ್ಕೂಟ ಮಾಡಿಕೊಂಡವು. ಕನ್ನಡದ ದೈನಿಕಗಳೂ ಹೊರನಾಡಿನ ಸುದ್ದಿಯ ಮಟ್ಟಿಗಾದರೂ ಹೀಗೆ ಕೂಡಬಹುದು. ಪುಣೆಗೊಬ್ಬ, ಸೊಲ್ಲಾಪುರಕ್ಕೊಬ್ಬ, ಕಾಸರಗೋಡಿಗೊಬ್ಬ ವರದಿಗಾರನ ವೆಚ್ಚವನ್ನು ನಾಲ್ಕು ಪತ್ರಿಕೆಗಳು ಹಂಚಿಕೊಂಡರೆ ಯಾರಿಗೂ ಭಾರವಾಗದು. ಆದರೆ ಇದು ವಾರ್ತಾಸಂಸ್ಥೆಗೆ ಪೂರಕವಾಗಬಲ್ಲದೇ ಹೊರತು ಪರ್ಯಾಯವಾಗಲಾರದು. ಏಕೆಂದರೆ ಆ ವರದಿಗಾರನೂ ಕನ್ನಡದ ಅಂಗಳದಲ್ಲಿ ನಿಂತೇ ನೋಡುವವನು. ಮರಾಠಿ ಓದುಗನೂ ನಂಬುವ ಸಾಕ್ಷಿ ನಮಗೆ ಬೇಕು.

ಕೊನೆಯದಾಗಿ ಓದುಗರಾದ ನಮ್ಮ ಪಾಲು. ಪತ್ರಿಕೆಯ ಬೆಲೆ ಇಂದಿಗೂ ಹೊಟೇಲಿನ ಒಂದು ಕಪ್ ಚಹಾಕ್ಕಿಂತ ಕಡಿಮೆ. ಅದನ್ನೂ ಕೊಡದೆ, ಪತ್ರಿಕೆಯ ಪುಟಗಳ ಚಿತ್ರವನ್ನು ಮೊಬೈಲಿನಲ್ಲಿ ಪರಸ್ಪರ ಕಳಿಸಿಕೊಂಡು ಓದುವ ಅಭ್ಯಾಸ ನಮ್ಮ ಸುಶಿಕ್ಷಿತ ಕುಟುಂಬಗಳಲ್ಲಿಯೂ ಬೆಳೆದಿದೆ. ಪತ್ರಿಕೆ ಚಂದಾ ನಿಲ್ಲಿಸುವ ಮೊದಲು ನಾವು ಚಂದಾ ನಿಲ್ಲಿಸಿದ್ದೇವೆ ಎಂಬುದನ್ನು ಒಪ್ಪಿಕೊಳ್ಳುವುದು ಪ್ರಾಮಾಣಿಕತೆ.

ವಿಜಯಪುರದ ಆ ಹುಡುಗ ಈಗಲೂ ರಾಂಜಣಗಾಂವದಲ್ಲಿದ್ದಾನೆ. ತಾಯಿ ಗುಣಮುಖರಾಗಿದ್ದಾರೆ. ಮೊನ್ನೆ ಮಹಾಗಣಪತಿಯ ದರ್ಶನಕ್ಕೆ ಹೋದಾಗ ಸಿಕ್ಕಿದ್ದ. ಗಡಿಯ ಸುದ್ದಿ ಏನಾದರೂ ಇದೆಯೇ ಎಂದು ಅವನು ಇಂದಿಗೂ ಕೇಳುತ್ತಾನೆ. ಅವನಿಗೆ ಕೊಡುವ ಉತ್ತರ ನಂಬಲರ್ಹವಾಗಿರಬೇಕಾದರೆ, ಗಡಿಯ ಎರಡೂ ಬದಿಗಳಲ್ಲಿ ಯಾರಾದರೂ ನಿಂತು ನೋಡುತ್ತಿರಬೇಕು. ಅವರ ಸಂಬಳದಲ್ಲಿ ನಮ್ಮದೂ ಒಂದು ಪಾಲಿದೆ.